ಸುಳಿವು ಚೌಕಟ್ಟಿನ ಅಂಚಿನಲ್ಲಿದೆ: ಪತ್ತೇದಾರಿ ಹೊಡೆದಾಟದ ಚಿತ್ರಗಳ ಡಿಸ್ಕು ನೋಡುವ ಬಗೆ

ಬಾಗಿಲು ಅರ್ಧ ತೆರೆದಿದೆ. ಸಂದಿಯಿಂದ ಒಂದು ಕೈ ಒಳಬಂದು ದೀಪ ಆರಿಸುತ್ತದೆ. ಆ ಕೈಯ ಕಿರುಬೆರಳಲ್ಲಿ ಉಂಗುರ. ಒಂದು ಗಂಟೆ ಕಳೆದ ಮೇಲೆ ಪತ್ತೇದಾರ ಊಟದ ಮೇಜಿನ ಸುತ್ತ ಕೂತವರ ಬೆರಳುಗಳ ಮೇಲೆ ಒಮ್ಮೆ ಕಣ್ಣಾಡಿಸಿ ಸುಮ್ಮನಾಗುತ್ತಾನೆ. ಟಾಕೀಸಿನಲ್ಲಿ ನೋಡಿದವರಿಗೆ ಅಷ್ಟು ಸಾಕು. ಅದೇ ಚಿತ್ರವನ್ನು ಕೆಟ್ಟ ವಿಸಿಡಿಯಲ್ಲಿ ನೋಡಿದವರಿಗೆ ಕೈಯೂ ಇಲ್ಲ, ಉಂಗುರವೂ ಇಲ್ಲ. ಕಪ್ಪು ಚೌಕಗಳ ರಾಶಿ ಮಾತ್ರ. ಅವರು ವಿಮರ್ಶೆ ಬರೆದರೆ "ಕೊಲೆಗಾರ ಕೊನೆಯಲ್ಲಿ ಆಕಾಶದಿಂದ ಉದುರಿದ, ಚಿತ್ರಕಥೆ ಸಡಿಲ" ಎಂದೇ ಬರೆಯುತ್ತಾರೆ. ನಿರ್ದೇಶಕರು ಸುಳಿವು ಕೊಟ್ಟಿದ್ದರು, ಡಿಸ್ಕು ಅದನ್ನು ನುಂಗಿತು.

ಸಂಸಾರದ ಕತೆಯ ಚಿತ್ರವಾದರೆ ಪರದೆ ಮಸುಕಾದರೂ ಕಿವಿಯಲ್ಲೇ ಅರ್ಧ ಕತೆ ಗೊತ್ತಾಗುತ್ತದೆ. ಪತ್ತೇದಾರಿ ಚಿತ್ರದಲ್ಲಿ ಹಾಗಾಗದು. ಅಲ್ಲಿ ಮೂಲೆಯ ಗಡಿಯಾರ, ಕಾಗದದ ಮೇಲಿನ ಕೈಬರಹ, ಕಾರಿನ ನಂಬರು, ಗೋಡೆಯ ಮೇಲೆ ಹಾದುಹೋದ ನೆರಳು, ಇವೇ ಕತೆ. ಹಾಗಾಗಿ ಈ ಬಗೆಯ ಚಿತ್ರದ ಡಿಸ್ಕು ಕೈಗೆ ಬಂದರೆ ಎರಡು ವಿಮರ್ಶೆ ಬರೆಯಬೇಕು, ಚಿತ್ರಕ್ಕೊಂದು ಡಿಸ್ಕಿಗೊಂದು. ಎರಡನ್ನೂ ಕೂಡಿಸಿ ಒಂದೇ ಅಂಕ ಕೊಟ್ಟರೆ ಓದುವವರಿಗೆ ಯಾವ ಉಪಯೋಗವೂ ಇಲ್ಲ.

ಕಾಸರಗೋಡಿನ ಕಡೆ ಇದಕ್ಕೆ ಇನ್ನೂ ಎರಡು ಸಂಗತಿ ಸೇರುತ್ತವೆ. ಒಂದು ಭಾಷೆ. ಇಲ್ಲಿನ ಮನೆಗಳ ಕಪಾಟಿನಲ್ಲಿ ಕನ್ನಡ, ಮಲಯಾಳ, ತಮಿಳು, ಹಿಂದಿ ಡಿಸ್ಕುಗಳು ಒಟ್ಟಿಗೇ ಇರುತ್ತವೆ. ಇನ್ನೊಂದು ಮಳೆ. ಎರಡರ ವಿಷಯವೂ ಮುಂದೆ ಬರುತ್ತದೆ.

ಡಿಸ್ಕನ್ನು ದೂರುವ ಮೊದಲು ಟಿವಿ

ಚಿತ್ರದ ಮೋಡ್ 'ವಿವಿಡ್'ನಲ್ಲಿದ್ದರೆ 'ಸಿನೆಮಾ' ಅಥವಾ 'ಮೂವಿ'ಗೆ ತನ್ನಿ. ಶಾರ್ಪ್‌ನೆಸ್ ಇಳಿಸುತ್ತ ಹೋಗಿ, ಅಕ್ಷರಗಳ ಸುತ್ತ ಕಾಣುವ ಬಿಳಿ ಗೆರೆ ಮಾಯವಾದಲ್ಲಿ ನಿಲ್ಲಿಸಿ. ಕೆಲವು ಟಿವಿಗಳಲ್ಲಿ ಅದು ಸೊನ್ನೆ, ಕೆಲವದರಲ್ಲಿ ನಡುಮಧ್ಯ. ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಆರಿಸಿಬಿಡಿ. ಅದು ಇಲ್ಲದ ಚೌಕಟ್ಟುಗಳನ್ನು (ಫ್ರೇಮುಗಳನ್ನು) ತಾನೇ ಹುಟ್ಟಿಸಿ ನಡುವೆ ತುರುಕುತ್ತದೆ, ಹೊಡೆದಾಟ ಧಾರಾವಾಹಿಯ ಹಾಗೆ ಕಾಣುತ್ತದೆ. ಕೊನೆಯದಾಗಿ ಓವರ್‌ಸ್ಕ್ಯಾನ್: ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನಾಲ್ಕೂ ಅಂಚನ್ನು ಕತ್ತರಿಸುತ್ತದೆ. ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂಬ ಹೆಸರಿನಲ್ಲಿ ಅದನ್ನು ತಡೆಯುವ ಆಯ್ಕೆ ಇರುತ್ತದೆ. ಇದನ್ನು ಮಾಡದೆ "ಡಿಸ್ಕಿನಲ್ಲಿ ಅಂಚು ಕತ್ತರಿಸಿದ್ದಾರೆ" ಎಂದು ಬರೆಯುವುದು ಅನ್ಯಾಯ.

ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶ ಇದ್ದರೆ ಇನ್ನೂ ಒಳ್ಳೆಯದು. ಕೀಬೋರ್ಡಿನ ಇ ಒತ್ತಿದರೆ ಒಂದೊಂದೇ ಚೌಕಟ್ಟು ಮುಂದೆ ಹೋಗುತ್ತದೆ. ಕಂಟ್ರೋಲ್ ಜೊತೆ ಜೆ ಒತ್ತಿದರೆ ಕೋಡೆಕ್ಕು (ಚಿತ್ರವನ್ನು ಅಡಕ ಮಾಡಿದ ಬಗೆ), ರೆಸಲ್ಯೂಷನ್ನು, ಸೆಕೆಂಡಿಗೆ ಎಷ್ಟು ಚೌಕಟ್ಟು ಎಂಬುದೆಲ್ಲ ಕಾಣುತ್ತದೆ. ಆದರೆ ಮೊದಲ ಸಲ ನೋಡುವಾಗ ಇದೊಂದೂ ಬೇಡ. ಎಲ್ಲೂ ನಿಲ್ಲಿಸದೆ, ದೀಪ ಆರಿಸಿ, ಪೂರ್ತಿ ನೋಡಿ. ಯಾರ ಮೇಲೆ ಯಾವಾಗ ಅನುಮಾನ ಬಂತು ಎಂಬುದನ್ನಷ್ಟೇ ಕಾಗದದಲ್ಲಿ ಗೀಚಿಕೊಳ್ಳಿ. ತಪಾಸಣೆ ಎರಡನೇ ಸಲಕ್ಕೆ.

ಸೆನ್ಸಾರ್ ಸರ್ಟಿಫಿಕೇಟನ್ನು ಓಡಿಸಬೇಡಿ

ನಮ್ಮ ದೇಶದ ಚಿತ್ರಗಳ ಡಿಸ್ಕಿನಲ್ಲಿ ವಿಮರ್ಶಕರಿಗೆ ಪುಕ್ಕಟೆ ಸಿಗುವ ದೊಡ್ಡ ಸಾಕ್ಷಿ ಆರಂಭದಲ್ಲೇ ಇರುತ್ತದೆ. ಹೆಚ್ಚಿನವರು ಅದನ್ನು ಫಾಸ್ಟ್ ಫಾರ್ವರ್ಡ್ ಮಾಡುತ್ತಾರೆ. ಅಲ್ಲಿ ನಿಲ್ಲಿಸಿ. ಚಿತ್ರದ ಹೆಸರು, ಯು ಅಥವಾ ಎ ಎಂಬ ವರ್ಗ, ಅದರ ಜೊತೆಗೆ ಚಿತ್ರದ ಉದ್ದ ಮೀಟರಿನಲ್ಲಿ, ರೀಲುಗಳ ಸಂಖ್ಯೆ. ಹಾಳೆಯಲ್ಲಿ ತ್ರಿಕೋನದ ಗುರುತಿದ್ದರೆ ಮಂಡಳಿಯೇ ಎಲ್ಲೋ ಕತ್ತರಿ ಹಾಕಿಸಿದೆ ಎಂದರ್ಥ.

ಈಗ ಲೆಕ್ಕ. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟು. ಸೆಕೆಂಡಿಗೆ 24 ಚೌಕಟ್ಟು ಓಡುವುದರಿಂದ ನಿಮಿಷಕ್ಕೆ 90 ಅಡಿ, ಅಂದರೆ 27.43 ಮೀಟರ್. ಸರ್ಟಿಫಿಕೇಟಿನಲ್ಲಿ 4000 ಮೀಟರ್ ಎಂದಿದ್ದರೆ 27.43ರಿಂದ ಭಾಗಿಸಿ: 145 ನಿಮಿಷ 50 ಸೆಕೆಂಡು. ಇದು ಟಾಕೀಸಿನಲ್ಲಿ ಓಡಿದ ಅವಧಿ.

ಡಿಸ್ಕು ಪಾಲ್ (ಭಾರತದ ಟಿವಿ ಪದ್ಧತಿ) ಆಗಿದ್ದರೆ ಸೆಕೆಂಡಿಗೆ 25 ಚೌಕಟ್ಟು. 24ರ ಚಿತ್ರವನ್ನು 25ರಲ್ಲಿ ಓಡಿಸುವುದರಿಂದ ಅವಧಿಯನ್ನು 0.96ರಿಂದ ಗುಣಿಸಬೇಕು, ಆಗ ಇದೇ ಚಿತ್ರ 140 ನಿಮಿಷಕ್ಕೆ ಮುಗಿಯುತ್ತದೆ. ಅದು ಕತ್ತರಿಯಲ್ಲ, ವೇಗ. ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಪದ್ಧತಿಯ) ಡಿಸ್ಕಿನಲ್ಲಿ ಹೆಚ್ಚುಕಡಿಮೆ 146 ನಿಮಿಷವೇ ಇರಬೇಕು. ಪಾಲ್ ಡಿಸ್ಕು 131 ನಿಮಿಷ ತೋರಿಸಿದರೆ 9 ನಿಮಿಷ ಎಲ್ಲೋ ಹೋಗಿದೆ. ಅಳೆಯುವಾಗ ವಿಡಿಯೊ ಕಂಪೆನಿಯವರು ಮುಂದೆ ಅಂಟಿಸಿದ ಲಾಂಛನ, ಎಚ್ಚರಿಕೆಯ ಹಾಳೆ, ಜಾಹೀರಾತುಗಳನ್ನು ಬಿಟ್ಟು ಸರ್ಟಿಫಿಕೇಟಿನಿಂದಲೇ ಗಡಿಯಾರ ಶುರುಮಾಡಿ.

ವಿಸಿಡಿಯಲ್ಲಿ ಈ ಕೆಲಸಕ್ಕೆ ಒಂದು ತೊಡಕಿದೆ. ಅದರ ಚಿತ್ರ ಬರೀ 352×288 ಬಿಂದು, ಸರ್ಟಿಫಿಕೇಟಿನ ಅಂಕಿ 3ರೋ 8ರೋ ಎಂದು ಗೊತ್ತಾಗುವುದಿಲ್ಲ. ಅಂಥಲ್ಲಿ ರೀಲುಗಳ ಲೆಕ್ಕ ಹಿಡಿಯಿರಿ. 1000 ಅಡಿಯ ಒಂದು ರೀಲು ಸುಮಾರು 11 ನಿಮಿಷ, 4000 ಮೀಟರಿನ ಚಿತ್ರಕ್ಕೆ 13–14 ರೀಲು. ಹಾಗೆಯೇ 80 ನಿಮಿಷದ ಎರಡು ಡಿಸ್ಕಿನಲ್ಲಿ ಹಿಡಿಸುವುದು 160 ನಿಮಿಷ ಮಾತ್ರ. ಅದಕ್ಕಿಂತ ಉದ್ದದ ಚಿತ್ರ ಮೂರನೇ ಡಿಸ್ಕಿಲ್ಲದೆ ಬಂದಿದ್ದರೆ ಅನುಮಾನ ಪಡಲೇಬೇಕು.

ಹೋದದ್ದು ಎಲ್ಲಿಂದ? ಎರಡು ಕಡೆ ಹುಡುಕಿ. ಮೊದಲನೆಯದು ರೀಲು ಬದಲಾಗುವ ಜಾಗ. ಪರದೆಯ ಮೇಲ್ತುದಿಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ, ಏಳೆಂಟು ಸೆಕೆಂಡಾದ ಮೇಲೆ ಇನ್ನೊಮ್ಮೆ ಮಿಂಚುತ್ತದೆ. ಪ್ರೊಜೆಕ್ಟರ್ ಬದಲಿಸುವವರಿಗೆ ಇಟ್ಟ ಗುರುತು ಅದು. ಪ್ರಿಂಟಿನಲ್ಲಿ ಹೆಚ್ಚು ಸವೆಯುವುದು, ಹರಿಯುವುದು, ಹರಿದಲ್ಲಿ ಅಂಟಿಸುವುದು ರೀಲಿನ ಈ ಎರಡು ತುದಿಗಳಲ್ಲೇ. ಚುಕ್ಕೆ ಕಾಣುತ್ತಿದೆ ಎಂದರೆ ಡಿಸ್ಕನ್ನು ನೆಗೆಟಿವಿನಿಂದ ಮಾಡಿಲ್ಲ, ಟಾಕೀಸಿನಲ್ಲಿ ಓಡಿದ ಪ್ರಿಂಟಿನಿಂದ ಮಾಡಿದ್ದಾರೆ ಎಂಬುದೂ ಗೊತ್ತಾಯಿತು. ಆ ಚುಕ್ಕೆಗಳ ಹಿಂದೆಮುಂದೆ ಅರ್ಧ ನಿಮಿಷ ನಿಧಾನವಾಗಿ ನೋಡಿ. ಮಾತು ಅರ್ಧಕ್ಕೆ ತುಂಡಾಗಿದೆಯೇ, ಹಿನ್ನೆಲೆ ಸಂಗೀತ ಜಿಗಿಯಿತೇ, ಬಾಗಿಲ ಹೊರಗಿದ್ದ ಮನುಷ್ಯ ಏಕಾಏಕಿ ಕುರ್ಚಿಯಲ್ಲಿ ಕೂತಿದ್ದಾನೆಯೇ. ಎರಡನೆಯ ಜಾಗ ಹಾಡು ಮತ್ತು ಹಾಸ್ಯದ ಭಾಗ. ಅವಧಿ ಇಳಿಸಲು ಕತ್ತರಿ ಹಿಡಿದವರು ಮೊದಲು ಕೈಹಾಕುವುದು ಅಲ್ಲಿಗೆ. ಪತ್ತೇದಾರಿ ಚಿತ್ರದಲ್ಲಿ ಇದು ಬಹಳ ದುಬಾರಿ ತಪ್ಪು. ಒಳ್ಳೆಯ ಚಿತ್ರಕಥೆಗಾರರು ಸುಳಿವನ್ನು ಅಡಗಿಸಿಡುವುದೇ ಪ್ರೇಕ್ಷಕರು ಮೈಮರೆಯುವ ಇಂಥ ಜಾಗದಲ್ಲಿ: ಹೋಟೆಲಿನ ಹಾಡಿನ ನಡುವೆ ಕೈಬದಲಾದ ಸೂಟ್‌ಕೇಸು, ಪೆದ್ದ ಕಾನ್‌ಸ್ಟೇಬಲ್ ತಮಾಷೆಗೆಂದು ಓದಿದ ಟೆಲಿಗ್ರಾಂ.

ಅಂಚು ಕತ್ತರಿಸಿದರೆ ಕತೆಯೂ ಕತ್ತರಿಸಿತು

ಕನ್ನಡದಲ್ಲಿ ಗೂಢಚಾರ ಹೊಡೆದಾಟದ ಚಿತ್ರಗಳಿಗೆ ದಾರಿ ಹಾಕಿದ್ದು ದೊರೈ–ಭಗವಾನ್ ಜೋಡಿ. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ ಬಣ್ಣದ 'ಆಪರೇಷನ್ ಡೈಮಂಡ್ ರಾಕೆಟ್'. ಆ ಕಾಲದ ಕಪ್ಪು-ಬಿಳುಪು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರದ್ದು, 4:3. ಇಂಥ ಚಿತ್ರವನ್ನು ಇಂದಿನ 16:9 ಟಿವಿಗೆ 'ತುಂಬಿಸಬೇಕು' ಎಂದು ಹಿಗ್ಗಿಸಿದರೆ ಮೇಲೆ ಕೆಳಗೆ ಸೇರಿ ನಾಲ್ಕನೇ ಒಂದು ಭಾಗ ಹೋಗುತ್ತದೆ. ಟೋಪಿ ಹೋಗುತ್ತದೆ, ಮೇಜಿನ ಮೇಲಿನ ಪಿಸ್ತೂಲು ಹೋಗುತ್ತದೆ. ಎಡಬಲದಲ್ಲಿ ಕಪ್ಪು ಪಟ್ಟಿ ಇರುವ ಡಿಸ್ಕೇ ಇಲ್ಲಿ ಸರಿಯಾದದ್ದು. ಕಪ್ಪು ಪಟ್ಟಿ ಕಂಡರೆ ಚಿತ್ರ ಸಣ್ಣದಾಯಿತು ಎಂದು ಬೇಸರಪಡುವವರಿಗೆ ವಿಮರ್ಶೆಯಲ್ಲಿ ಇದನ್ನು ಬಿಡಿಸಿ ಹೇಳಬೇಕು.

ಸಿನೆಮಾಸ್ಕೋಪಿನದು ಇದಕ್ಕೆ ತದ್ವಿರುದ್ಧ ಕಷ್ಟ. 2.35:1ರ ಚಿತ್ರವನ್ನು 4:3ಕ್ಕೆ ಕತ್ತರಿಸಿದರೆ ಅಗಲದಲ್ಲಿ ನೂರಕ್ಕೆ 43 ಪಾಲು ಮಾಯ. ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬನ ಮೂಗು ಮಾತ್ರ ಉಳಿಯುತ್ತದೆ. 16:9ಕ್ಕೆ ಕತ್ತರಿಸಿದರೂ 24 ಪಾಲು ಹೋಗುತ್ತದೆ. ಕತ್ತರಿಸದೆ ಪಟ್ಟಿ ಹಾಕಿದವರಲ್ಲೂ ಎರಡು ಬಗೆ. ಪಾಲ್ ಡಿವಿಡಿಯ 576 ಗೆರೆಗಳಲ್ಲಿ ಅನಮಾರ್ಫಿಕ್ ಆಗಿ, ಅಂದರೆ ಅಗಲವನ್ನು ಒತ್ತಿ, ತುಂಬಿಸಿದ್ದರೆ ಚಿತ್ರಕ್ಕೆ ಸುಮಾರು 436 ಗೆರೆ ಸಿಗುತ್ತದೆ, ಬರೀ ಲೆಟರ್‌ಬಾಕ್ಸ್ (4:3 ಚೌಕಟ್ಟಿನೊಳಗೇ ಮೇಲೆ ಕೆಳಗೆ ಕಪ್ಪು ಪಟ್ಟಿ) ಆದರೆ 327 ಮಾತ್ರ. ಗುರುತಿಸುವುದು ಸುಲಭ: 16:9 ಟಿವಿಯಲ್ಲಿ ನಾಲ್ಕೂ ಕಡೆ ಕಪ್ಪು ಚೌಕಟ್ಟಿನ ನಡುವೆ ಚಿತ್ರ ತೇಲುತ್ತಿದ್ದರೆ ಅದು ಎರಡನೆಯ ಬಗೆ. ಕಾಗದದ ಮೇಲಿನ ಕೈಬರಹ ಓದಲು ಬರುವುದೂ ಬಾರದಿರುವುದೂ ಈ ನೂರು ಗೆರೆಗಳಲ್ಲಿ ತೀರ್ಮಾನವಾಗುತ್ತದೆ.

ಅಂಚು ಎಷ್ಟು ಮುಖ್ಯ ಎನ್ನುವುದಕ್ಕೆ ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಉದಾಹರಣೆ ಮಲಯಾಳದ್ದು. 1988ರ 'ಒರು ಸಿಬಿಐ ಡೈರಿ ಕುರಿಪ್ಪು' ಚಿತ್ರದಲ್ಲಿ ಮಮ್ಮೂಟಿಯ ಸೇತುರಾಮ ಅಯ್ಯರ್ ತಾರಸಿಯಿಂದ ಬೊಂಬೆಯನ್ನು ಬೀಳಿಸಿ ಪರೀಕ್ಷೆ ಮಾಡುತ್ತಾರೆ. ಬೊಂಬೆ ಗೋಡೆಯಿಂದ ಎಷ್ಟು ದೂರ ಬಿತ್ತು ಎಂಬುದರಲ್ಲೇ ತರ್ಕವೆಲ್ಲ ಇದೆ. ಇಂಥ ದೃಶ್ಯದಲ್ಲಿ ಮೇಲಿನ ತಾರಸಿ, ಗೋಡೆಯ ಬುಡ, ಬಿದ್ದ ಜಾಗ ಇವೆಲ್ಲ ನೋಡುವವರ ಕಣ್ಣಿಗೆ ಸಿಗಲೇಬೇಕು. ಮೇಲೆ ಕೆಳಗೆ ಕತ್ತರಿಸಿದ ಪ್ರತಿಯಲ್ಲಿ ಪತ್ತೇದಾರ ಹೇಳಿದ್ದನ್ನು ನಂಬಬೇಕಷ್ಟೆ, ನಾವೇ ನೋಡಿ ಒಪ್ಪುವ ಸುಖ ಇಲ್ಲ. ಪತ್ತೇದಾರಿ ಚಿತ್ರದ ಸುಖವೇ ಅದು.

ಕತ್ತಲು

ಕತ್ತಲಿನಲ್ಲಿ ವಿವರ ಕಳೆದುಹೋಗಲು ಮೂರು ಕಾರಣ, ಮೂರಕ್ಕೂ ಮದ್ದು ಬೇರೆ.

ಒಂದು ಮೂಲ ಸಾಮಗ್ರಿ. ನೆಗೆಟಿವಿನಿಂದ ಪ್ರಿಂಟು, ಆ ಪ್ರಿಂಟಿನಿಂದ ಇನ್ನೊಂದು ಪ್ರತಿ ಎಂದು ಇಳಿಯುತ್ತ ಹೋದಂತೆ ಕಪ್ಪು-ಬಿಳುಪಿನ ನಡುವಿನ ಬೂದು ಮೆಟ್ಟಿಲುಗಳು ಕುಸಿಯುತ್ತವೆ. ಮುಖ ಸುಣ್ಣ ಬಳಿದಂತೆ, ಕೋಟು ಮಸಿಯಂತೆ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ.

ಎರಡನೆಯದು ಪ್ಲೇಯರ್ ಮತ್ತು ಟಿವಿ ನಡುವಿನ ತಪ್ಪು ತಿಳಿವಳಿಕೆ. ಡಿಸ್ಕಿನಲ್ಲಿ ಬೆಳಕಿನ ಮಟ್ಟವನ್ನು ಅಂಕಿಯಲ್ಲಿ, ಕಪ್ಪು 16, ಬಿಳುಪು 235 ಎಂದು ಬರೆದಿರುತ್ತದೆ. ಪ್ಲೇಯರ್ ಅದನ್ನು 0ಯಿಂದ 255ಕ್ಕೆ ಹಿಗ್ಗಿಸಿ ಕಳಿಸಿ, ಟಿವಿ ಇನ್ನೂ 16ನ್ನೇ ಕಪ್ಪು ಎಂದುಕೊಂಡರೆ ಕತ್ತಲಿನ ವಿವರವೆಲ್ಲ ಒಂದೇ ಮಸಿ. ತಿರುಗುಮುರುಗಾದರೆ ರಾತ್ರಿಯೆಲ್ಲ ಹೊಗೆ ಕವಿದ ಬೂದು. ಎರಡೂ ಕಡೆಯ ಮೆನುವಿನಲ್ಲಿ ಎಚ್‌ಡಿಎಂಐ ರೇಂಜನ್ನು ಒಂದೇ ಮಾಡಿ.

ಮೂರನೆಯದು ಡಿಸ್ಕು ಮಾಡಿದವರ ಕೆಲಸ. ಪ್ರಿಂಟಿನ ಗೀರು, ಧೂಳು ಕಾಣಬಾರದು ಎಂದು ಕತ್ತಲನ್ನೇ ಇನ್ನಷ್ಟು ಕಪ್ಪು ಮಾಡಿರುತ್ತಾರೆ.

ಯಾವುದು ಎಂದು ತಿಳಿಯಲು ಹೀಗೆ ಮಾಡಿ. ಕತ್ತಲು ತುಂಬಿದ ಒಂದು ಚೌಕಟ್ಟಿನಲ್ಲಿ ನಿಲ್ಲಿಸಿ. ಕಾರಿಡಾರ್, ದೂರದಲ್ಲಿ ಒಂದು ಬಲ್ಬು, ಗೋಡೆಗೊರಗಿ ನಿಂತವನು, ಇಂಥದ್ದು. ಟಿವಿಯ ಬ್ರೈಟ್‌ನೆಸ್ಸನ್ನು ಪೂರ್ತಿ ಏರಿಸಿ. ಕಪ್ಪಿನೊಳಗಿಂದ ಅಂಗಿಯ ಮಡಿಕೆ, ಗೋಡೆಯ ಬಿರುಕು ಎದ್ದುಬಂದರೆ ವಿವರ ಡಿಸ್ಕಿನಲ್ಲಿದೆ, ಹೊಂದಿಸಬೇಕಾದ್ದು ಟಿವಿ. ಬರೀ ಬೂದು ಚಾದರ ಎದ್ದುಬಂದರೆ ಅದೇ ಚೌಕಟ್ಟನ್ನು ಕಂಪ್ಯೂಟರಿನಲ್ಲೂ ನೋಡಿ. ಅಲ್ಲೂ ಚಾದರವೇ ಆದರೆ ಡಿಸ್ಕಿನಲ್ಲಿ ಆ ಮನುಷ್ಯನೇ ಇಲ್ಲ. ವಿಮರ್ಶೆಯಲ್ಲಿ ನಿಮಿಷ, ಸೆಕೆಂಡು ಸಮೇತ ಬರೆಯಿರಿ.

ಇದರ ತಿರುಗುಬಾಣವೂ ಇದೆ. ಹಳೆಯ ಚಿತ್ರಗಳಲ್ಲಿ ರಾತ್ರಿಯ ಹೊರಾಂಗಣವನ್ನು ಹಗಲಿನಲ್ಲೇ ಫಿಲ್ಟರ್ ಹಾಕಿ ತೆಗೆದು, ಪ್ರಿಂಟು ಮಾಡುವಾಗ ಕತ್ತಲು ಮಾಡುತ್ತಿದ್ದರು. ಡಿಸ್ಕಿಗೆ ಇಳಿಸುವವರಿಗೆ ಅದರ ಅರಿವಿಲ್ಲದೆ ಹೋದರೆ ಬೆಳಕು ಏರಿಸಿಬಿಡುತ್ತಾರೆ. ಆಗ ನಡುಮಧ್ಯಾಹ್ನದ ಬಿಸಿಲಲ್ಲಿ ನಾಯಕ ಟಾರ್ಚು ಹಿಡಿದು ಹುಡುಕುತ್ತಾನೆ. ನೆಲದ ಮೇಲೆ ಚೂಪಾದ ಗಿಡ್ಡ ನೆರಳು ಕಂಡರೆ ಇದೇ. ಬೈಗುಳ ಛಾಯಾಗ್ರಾಹಕರಿಗೆ ಸಲ್ಲಬಾರದು.

ಎಪ್ಪತ್ತರ ದಶಕದ ಬಣ್ಣದ ಪ್ರಿಂಟುಗಳದ್ದು ಇನ್ನೊಂದು ಕಾಯಿಲೆ. ನೀಲಿ-ಹಸಿರಿನ ಬಣ್ಣ ಮೊದಲು ಮಾಸಿ ಎಲ್ಲವೂ ಗುಲಾಬಿಗೆ ತಿರುಗುತ್ತದೆ. ಅದನ್ನು ಸರಿಮಾಡಲು ಹೋಗಿ ಹಸಿರು ಸುರಿದ ಡಿಸ್ಕುಗಳೂ ಇವೆ. ಪೊಲೀಸರ ಖಾಕಿಯನ್ನು ನೋಡಿ, ಆಮೇಲೆ ಬಿಳಿ ಅಂಬಾಸಿಡರನ್ನು ನೋಡಿ. ಇವೆರಡರ ಬಣ್ಣ ನಮಗೆಲ್ಲ ಗೊತ್ತು. ಅವು ಸರಿಯಿದ್ದರೆ ಉಳಿದದ್ದನ್ನೂ ನಂಬಬಹುದು.

ಹೊಡೆದಾಟದಲ್ಲಿ ಒಡೆಯುವ ಚಿತ್ರ

ವಿಸಿಡಿಯಲ್ಲಿ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ 1150 ಕಿಲೋಬಿಟ್ಟು. ಮಾತಿನ ದೃಶ್ಯಕ್ಕೆ ಹೇಗೋ ಸಾಕು. ಹೊಗೆ, ಜಡಿಮಳೆ, ಒಡೆದ ಗಾಜು, ಮಿನುಗುವ ದೀಪ ಬಂದಕೂಡಲೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಏಕೆಂದರೆ ಪ್ರತಿ ಚೌಕಟ್ಟೂ ಹಿಂದಿನದಕ್ಕಿಂತ ಪೂರ್ತಿ ಬೇರೆ. ಡಿವಿಡಿಯಲ್ಲೂ ಈ ಕಷ್ಟ ತಪ್ಪಿದ್ದಲ್ಲ. 150 ನಿಮಿಷದ ಚಿತ್ರವೊಂದಕ್ಕೇ 8.5 ಜಿಬಿಯ ಎರಡು ಪದರ ಕೊಟ್ಟರೆ ಸೆಕೆಂಡಿಗೆ ಸರಾಸರಿ ಏಳೂವರೆ ಮೆಗಾಬಿಟ್ಟು ಸಿಗುತ್ತದೆ. 4.7 ಜಿಬಿಯ ಒಂದೇ ಪದರವಾದರೆ ನಾಲ್ಕು ಚಿಲ್ಲರೆ. ಅದೇ 8.5 ಜಿಬಿಯಲ್ಲಿ ಮೂರು ಚಿತ್ರ ತುಂಬಿದ 'ಮೂರು ಚಿತ್ರ ಒಂದೇ ಡಿಸ್ಕಿನಲ್ಲಿ' ಮಾಲಾದರೆ ಎರಡೂವರೆ, ಅದರಲ್ಲೇ ಧ್ವನಿಯೂ ಸೇರಿ. ಹೊಡೆದಾಟದ ಚಿತ್ರಗಳನ್ನು ಈ ಮೂರರ ಕಟ್ಟಿನಲ್ಲಿ ಕೊಳ್ಳಬೇಡಿ ಎಂದು ಖಂಡಿತವಾಗಿ ಹೇಳುತ್ತೇವೆ.

ಇನ್ನೊಂದು, ಚೌಕಟ್ಟುಗಳ ಬೆರಕೆ. ಹೊಡೆತ ಬೀಳುವ ಕ್ಷಣದಲ್ಲಿ ನಿಲ್ಲಿಸಿ ಒಂದೊಂದೇ ಚೌಕಟ್ಟು ಮುಂದೆ ಹೋಗಿ. ಎನ್‌ಟಿಎಸ್‌ಸಿ ಡಿಸ್ಕಿನಲ್ಲಿ ಐದರಲ್ಲಿ ಮೂರು ಸ್ವಚ್ಛ, ಎರಡರಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಗಾಬರಿ ಬೇಡ. 24 ಚೌಕಟ್ಟನ್ನು 30ಕ್ಕೆ ಹೊಂದಿಸುವ ಮಾಮೂಲಿ ರೀತಿ ಅದು, ಒಳ್ಳೆಯ ಪ್ಲೇಯರ್ ಅದನ್ನು ಬಿಡಿಸಿಕೊಳ್ಳುತ್ತದೆ. ಹಲ್ಲಿಲ್ಲದೆ ಒಂದೇ ಮುಷ್ಟಿ ಎರಡು ಜಾಗದಲ್ಲಿ ಅರೆಪಾರದರ್ಶಕವಾಗಿ ಕಂಡರೆ ಮಾತ್ರ ಕೆಟ್ಟದ್ದು. ಪಾಲನ್ನು ಎನ್‌ಟಿಎಸ್‌ಸಿಗೋ, ಅದನ್ನು ಪಾಲಿಗೋ ಒರಟಾಗಿ ತಿರುಗಿಸಿದ್ದಾರೆ, ಬಿಡಿಸಲು ಬರುವುದಿಲ್ಲ.

ಹೊಡೆದಾಟವನ್ನು ಕಲೆಯಾಗಿ ಅಳೆಯುವಾಗ ನಾವು ನೋಡುವುದು ಎರಡೇ. ಕೋಣೆಯ ನಕ್ಷೆ ಮನಸ್ಸಿನಲ್ಲಿ ನಿಲ್ಲುತ್ತದೆಯೇ? ಬಾಗಿಲು ಎಲ್ಲಿ, ಬಿದ್ದ ಚಾಕು ಎಲ್ಲಿ ಎಂಬುದು ಗೊತ್ತಿರಬೇಕು. ಆಮೇಲೆ, ಹೊಡೆದಾಟ ಮುಗಿದ ಮೇಲೆ ಕತೆಗೆ ಏನಾದರೂ ಉಳಿಯಿತೇ? ಹರಿದ ಗುಂಡಿ, ಮುಂದಿನ ದೃಶ್ಯದಲ್ಲೂ ಕುಂಟುವ ಕಾಲು. ಏನೂ ಉಳಿಯದ ಹೊಡೆದಾಟ ಎಷ್ಟೇ ಚೆನ್ನಾಗಿದ್ದರೂ ಪತ್ತೇದಾರಿ ಚಿತ್ರಕ್ಕೆ ಹೊರೆ.

ಧ್ವನಿಯ ಬಗ್ಗೆ ಚುಟುಕಾಗಿ. ಪಾಲ್ ವೇಗದಲ್ಲಿ ಸ್ವರ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರುತ್ತದೆ. ರಾಜ್‌ಕುಮಾರರ ಕಂಠ ಕೇಳಿ ಬೆಳೆದ ಕಿವಿಗೆ ಇದು ತಕ್ಷಣ ತಿಳಿಯುತ್ತದೆ. ಮಾತಿಗೂ ತುಟಿಗೂ ಹೊಂದಿಕೆ ನೋಡಲು ಬಾಗಿಲು ಬಡಿಯುವ ದೃಶ್ಯ ಸಾಕು. ಎರಡು ಚೌಕಟ್ಟು, ಅಂದರೆ 80 ಮಿಲಿಸೆಕೆಂಡು ತಪ್ಪಿದರೂ ಗೊತ್ತಾಗುತ್ತದೆ. ಮೂಲದಲ್ಲಿ ಮೋನೊ (ಒಂದೇ ಸ್ಪೀಕರಿಗೆ ಮಾಡಿದ ಧ್ವನಿ) ಇದ್ದ ಚಿತ್ರಕ್ಕೆ 5.1 (ಸುತ್ತಲೂ ಆರು ಸ್ಪೀಕರಿನ ಧ್ವನಿ) ಎಂದು ಬರೆದಿದ್ದರೆ ಹೊಸ ಗುಂಡಿನ ಸದ್ದು ಬೆರೆಸಿದ್ದಾರೆಯೇ ಎಂದು ಕೇಳಿ ನೋಡಿ. ಮೂಲ ಮೋನೊ ಕೂಡ ಇದ್ದರೆ ಅದನ್ನೇ ಆರಿಸಿ.

'ವನ್ನು' ಎಂದರೆ ಬಂದನೋ ಬಂದಳೋ

ಕಾಸರಗೋಡಿನವರು ಹೆಚ್ಚು ಚೆನ್ನಾಗಿ ಬರೆಯಬಲ್ಲ ಭಾಗ ಇದು. ಮಲಯಾಳದ ಕ್ರಿಯಾಪದಕ್ಕೆ ಲಿಂಗವಿಲ್ಲ. 'ವನ್ನು' ಎಂದರೆ ಬಂದ, ಬಂದಳು, ಬಂದರು, ಬಂತು ಎಲ್ಲವೂ. 'ಕೊನ್ನು' ಎಂದರೆ ಕೊಂದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಸಾಕ್ಷಿ ಹೇಳುವವನು ಕರ್ತೃಪದವನ್ನು ನುಂಗಿ "ರಾತ್ರಿ ಬಂತು, ಬಾಗಿಲು ಬಡಿಯಿತು" ಎಂಬ ಧಾಟಿಯಲ್ಲಿ ಮಾತಾಡಿದರೆ ಮಲಯಾಳದಲ್ಲಿ ಸಹಜವಾಗಿರುತ್ತದೆ, ರಹಸ್ಯವೂ ಉಳಿಯುತ್ತದೆ. ಅದನ್ನು ಕನ್ನಡಕ್ಕೆ ಡಬ್ ಮಾಡುವವರು ಅವಸರದಲ್ಲಿ "ಬಂದ" ಎಂದು ಬರೆದರೆ ಅರ್ಧ ಅನುಮಾನಿತರು ಆ ಕ್ಷಣವೇ ಬಿಡುಗಡೆಯಾದರು. "ಬಂದಳು" ಎಂದರೆ ಕತೆಯೇ ಮುಗಿಯಿತು. ಕನ್ನಡದಲ್ಲಿ ದಾರಿ ಇಲ್ಲವೆಂದಲ್ಲ: "ಯಾರೋ ಬಂದಿದ್ದರು", "ಬಾಗಿಲು ಬಡಿದ ಸದ್ದಾಯಿತು", "ಕೊಂದವರು ಯಾರು". ಗೌರವದ ಬಹುವಚನ ನಮಗೆ ಮುಖವಾಡವನ್ನು ಧಾರಾಳವಾಗಿ ಕೊಡುತ್ತದೆ. ಡಬ್ ಮಾಡಿದವರು ಅದನ್ನು ಬಳಸಿದ್ದಾರೆಯೇ ಎಂದು ನೋಡಿ, ಬಳಸಿದ್ದರೆ ಹೊಗಳಿ.

ಕನ್ನಡದ "ಅವರು" ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಗಂಡಸಾಗುವುದೂ ಇದೇ ಜಾತಿಯ ತಪ್ಪು. ಇನ್ನೂ ಕೆಟ್ಟದ್ದು, ಪರದೆಯ ಹೊರಗಿನಿಂದ ಫೋನಿನಲ್ಲಿ ಮಾತಾಡುವ ಅಪರಿಚಿತನ ಸಾಲಿನ ಮುಂದೆ ಅವನ ಹೆಸರನ್ನೇ ಹಾಕಿಬಿಡುವುದು. ಕಾಗದ, ಬೋರ್ಡು, ಪತ್ರಿಕೆಯ ಸುದ್ದಿಗೆ ಸಬ್‌ಟೈಟಲ್ ಇದೆಯೇ ಎಂದೂ ನೋಡಬೇಕು. ಮಾತನ್ನೆಲ್ಲ ಅನುವಾದಿಸಿ ಸುಳಿವಿರುವ ಚೀಟಿಯನ್ನು ಹಾಗೇ ಬಿಟ್ಟ ಡಿಸ್ಕುಗಳಿವೆ. ಉತ್ತರದ ಸಾಲು ಪ್ರಶ್ನೆಯ ಜೊತೆಗೇ ಮೂಡಿದರೆ ವಿಚಾರಣೆಯ ದೃಶ್ಯ ಸತ್ತಿತು. ಡಿವಿಡಿಯಲ್ಲಿ 8 ಧ್ವನಿಪಥ, 32 ಸಬ್‌ಟೈಟಲಿಗೆ ಜಾಗವಿದೆ. ಹಾಗಿದ್ದೂ ಒಂದೇ ಇಂಗ್ಲಿಷಿನಲ್ಲಿ ಕೈತೊಳೆದುಕೊಳ್ಳುವುದು ಬೇಸರದ ಸಂಗತಿ.

ಆಡುಮಾತೂ ಸಾಕ್ಷಿಯೇ. ತಾನು ತೆಂಕಣ ಕೇರಳದವನು ಎಂದು ಹೇಳಿಕೊಂಡವನ ಬಾಯಲ್ಲಿ ನಮ್ಮ ಕಡೆಯ ಮಲಯಾಳದ ಒಂದು ಪದ ಜಾರಿದರೆ, ಬೆಂಗಳೂರಿನವನೆಂದವನು ಮಂಗಳೂರು ಕನ್ನಡದಲ್ಲಿ "ಹೋಗುವ" ಎಂದರೆ, ಇಲ್ಲಿನ ಕಿವಿ ನೆಟ್ಟಗಾಗುತ್ತದೆ. ಸಬ್‌ಟೈಟಲ್ ಅದನ್ನು ಹಿಡಿಯದು, ಡಬ್ಬಿಂಗ್ ಸಾರಿಸಿಬಿಡುತ್ತದೆ. ಮೂಲ ಧ್ವನಿಪಥ ಇರುವ ಡಿಸ್ಕಿಗೆ ಈ ಕಾರಣಕ್ಕೇ ಹೆಚ್ಚು ಬೆಲೆ.

ಮಳೆ, ಬೂಷ್ಟು ಮತ್ತು ಗಲ್ಫಿನ ಪೆಟ್ಟಿಗೆ

ಗಲ್ಫಿನಿಂದ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಬಂದ ಡಿಸ್ಕು ಇಲ್ಲಿನ ಪ್ಲೇಯರಿನಲ್ಲಿ ಓಡದಿದ್ದರೆ ಡಿಸ್ಕು ಕೆಟ್ಟಿದೆ ಎಂದುಕೊಳ್ಳಬೇಡಿ. ಡಿಸ್ಕುಗಳನ್ನು ಆಯಾ ವಲಯದ ಪ್ಲೇಯರಿನಲ್ಲಿ ಮಾತ್ರ ಓಡುವಂತೆ ಕಟ್ಟಿರುತ್ತಾರೆ: ಡಿವಿಡಿಯಲ್ಲಿ ಭಾರತ 5ನೇ ವಲಯ, ಗಲ್ಫ್ 2ನೇ ವಲಯ. ಬ್ಲೂರೇಯಲ್ಲಿ ನಾವು ಸಿ, ಅವರು ಬಿ. ಹಿಂಬದಿಯ ಗೋಳದ ಚಿತ್ರದಲ್ಲಿ ಅಂಕಿ ನೋಡಿ. 0 ಅಥವಾ 'ಆಲ್' ಎಂದಿದ್ದರೆ ಎಲ್ಲೂ ಓಡುತ್ತದೆ. ಕಂಪ್ಯೂಟರಿನ ಡ್ರೈವಿನಲ್ಲಿ ವಲಯ ಬದಲಿಸಬಹುದು, ಆದರೆ ಐದೇ ಸಲ, ಆಮೇಲೆ ಅದು ಅಲ್ಲೇ ಲಾಕ್. 4ಕೆ ಯುಎಚ್‌ಡಿ ಡಿಸ್ಕಿಗೆ ವಲಯದ ಗೊಡವೆ ಇಲ್ಲ.

ಮಳೆಗಾಲದಲ್ಲಿ ನಮ್ಮಲ್ಲಿ ಹವೆಯ ತೇವ ನೂರಕ್ಕೆ 90ರ ಆಸುಪಾಸಿಗೆ ಹೋಗುತ್ತದೆ. ಆಟಿ ತಿಂಗಳು ಮುಗಿಯುವ ಹೊತ್ತಿಗೆ ಡಿಸ್ಕಿನ ಮೇಲೆ ಜೇಡರ ಬಲೆಯಂಥ ಸಣ್ಣ ಬೂಷ್ಟು. ತೊಳೆಯುವಾಗ ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಿದರೆ ಗೀರು ದತ್ತಾಂಶದ ಹಾದಿಯ ಉದ್ದಕ್ಕೂ ಬೀಳುತ್ತದೆ, ಅದನ್ನು ಪ್ಲೇಯರ್ ಸರಿಪಡಿಸಿಕೊಳ್ಳಲಾರದು. ಥಿನ್ನರ್, ಪೆಟ್ರೋಲು ಬೇಡವೇ ಬೇಡ. ವಿಸಿಡಿಯಲ್ಲಿ ದತ್ತಾಂಶದ ಪದರ ಲೇಬಲ್ಲಿನ ಅಡಿಯಲ್ಲೇ ಇರುವುದರಿಂದ ಲೇಬಲ್ಲಿನ ಕಡೆಯ ಗೀರು ಹೆಚ್ಚು ಅಪಾಯ. ಡಿವಿಡಿ ಎರಡು ತೆಳು ತಟ್ಟೆ ಅಂಟಿಸಿದ್ದು. ಬಿಗಿಯಾದ ಕೇಸಿನಿಂದ ಬಗ್ಗಿಸಿ ಎಳೆದರೆ ಅಂಟು ಬಿಡುತ್ತದೆ, ತೇವ ಒಳಹೋಗುತ್ತದೆ. ನಡುವಿನ ಗುಬುಟನ್ನು ಒತ್ತಿ, ಅಂಚು ಹಿಡಿದು ಎತ್ತಿ.

ಡಿಸ್ಕನ್ನು ಬಲ್ಬಿಗೆ ಎದುರಾಗಿ ಹಿಡಿದಾಗ ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಕಂಡರೆ ಅಲ್ಯೂಮಿನಿಯಂ ಪದರ ತಿಂದುಹೋಗುತ್ತಿದೆ. ತೊಳೆದು ಫಲವಿಲ್ಲ, ಓದುವಷ್ಟು ಕಾಲ ಓದಿಸಿಕೊಳ್ಳಬೇಕು. ಡಿಸ್ಕುಗಳನ್ನು ಮಲಗಿಸದೆ ನಿಲ್ಲಿಸಿಡಿ. ಗಾಳಿಯಾಡದ ಡಬ್ಬದಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಪೊಟ್ಟಣ ಇಡಿ, ಹಸಿರಿಗೆ ತಿರುಗಿದರೆ ಹರಳನ್ನು ಒವನ್ನಿನಲ್ಲಿ 110–120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಿ.

ಬರೆಯುವಾಗ

ಚಿತ್ರದ ಭಾಗದಲ್ಲಿ ಮೊದಲರ್ಧದ ಆಚೆ ಕತೆ ಹೇಳಬೇಡಿ. ಸುಳಿವು ಪ್ರಾಮಾಣಿಕವಾಗಿ ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆಗೆ ಮಾತ್ರ ಹೌದು, ಇಲ್ಲ ಎಂದು ಖಚಿತ ಉತ್ತರ ಕೊಡಿ. ಎರಡನೇ ಸಲ ನೋಡಿದ್ದು ಈ ಉತ್ತರಕ್ಕಾಗಿಯೇ. ಡಿಸ್ಕಿನ ಭಾಗದಲ್ಲಿ ಚೌಕಟ್ಟಿನ ಆಕಾರ, ಅಳೆದ ಅವಧಿ, ಲೆಕ್ಕದ ಅವಧಿ, ಧ್ವನಿಪಥ, ಸಬ್‌ಟೈಟಲ್, ಕಾಣದೆ ಹೋದ ಸುಳಿವಿನ ನಿಮಿಷ. "ಚಿತ್ರ ನೋಡಲೇಬೇಕು, ಈ ಪ್ರತಿ ಬೇಡ" ಎಂದು ಬರೆಯಲು ಹಿಂಜರಿಯಬೇಡಿ.

ಯಾವ ಪ್ರತಿ ಎಂಬುದನ್ನು ಹೊದಿಕೆ ನೋಡಿ ಹೇಳಿದರೆ ಸಾಲದು. ಒಂದೇ ಹೊದಿಕೆಯಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಪ್ರತಿ ಒತ್ತಿರುತ್ತಾರೆ. ಡಿಸ್ಕನ್ನು ತಿರುವಿ ಹಿಡಿದರೆ ನಡುವಿನ ತೂತಿನ ಸುತ್ತ ಕನ್ನಡಿಯಂಥ ಉಂಗುರದಲ್ಲಿ ಸಣ್ಣ ಅಕ್ಷರಗಳ ಒಂದು ಸಂಖ್ಯೆ, ಪಕ್ಕದಲ್ಲಿ ಐಎಫ್‌ಪಿಐ ಎಂದು ಇನ್ನೊಂದು ಸಂಕೇತ ಇರುತ್ತದೆ. ತಳ ಬೆಳ್ಳಿಯ ಬಣ್ಣದ್ದಾಗಿದ್ದು ಈ ಸಂಖ್ಯೆ ಇದ್ದರೆ ಕಾರ್ಖಾನೆಯಲ್ಲಿ ಒತ್ತಿದ್ದು. ತಳ ನೇರಳೆಯಾಗಿದ್ದರೆ ಯಾರೋ ಬರೆದುಕೊಟ್ಟ ನಕಲು, ಅದರ ಮೇಲೆ ವಿಮರ್ಶೆ ಬರೆಯಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದು ಆ ಸಂಖ್ಯೆಯನ್ನು ಅಕ್ಷರ ತಪ್ಪದೆ ಇಳಿಸಿಕೊಂಡು ವಿಮರ್ಶೆಯ ಮೊದಲ ಸಾಲಿನಲ್ಲೇ ಕೊಡಿ. ಉಪ್ಪಳದಲ್ಲೋ ಬದಿಯಡ್ಕದಲ್ಲೋ ಹಳೆಯ ಅಂಗಡಿಯ ರಾಶಿಯಲ್ಲಿ ಹುಡುಕುವವರು ತಮ್ಮ ಕೈಯಲ್ಲಿರುವುದು ಅದೇ ಪ್ರತಿಯೇ ಎಂದು ಅಲ್ಲೇ ನಿಂತು ತಾಳೆ ನೋಡಬಹುದು.